ಪರಿಹಾರದ ದರ ಚಾವಡಿಯ ಗೋಡೆಯ ಮೇಲಿರಲಿ

ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟುವ ಭೀಮೆ ಉಜನಿ ಜಲಾಶಯವನ್ನು ತುಂಬಿಸಿ, ಸೊಲ್ಲಾಪುರ ದಾಟಿ ಕಲಬುರಗಿಗೆ ಬರುತ್ತಾಳೆ. 2025ರ ಸೆಪ್ಟೆಂಬರಿನಲ್ಲಿ ಅವಳು ಉಕ್ಕಿದಾಗ ಗಡಿಯ ಎರಡೂ ಕಡೆ ತೊಗರಿ, ಸೋಯಾ, ಕಬ್ಬು ನೀರಲ್ಲಿ ನಿಂತು ಕೊಳೆತವು.

ಅಕ್ಟೋಬರ್ 7ರಂದು ಮಹಾರಾಷ್ಟ್ರದ ಮುಖ್ಯಮಂತ್ರಿ ದೇವೇಂದ್ರ ಫಡಣವೀಸ್ 31,628 ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಿಸಿದರು. ಪತ್ರಿಕೆಗಳ ಮುಖಪುಟ ತುಂಬಿದ್ದು ಈ ಅಂಕಿಯೇ. ರೈತನಿಗೆ ಬೇಕಾದ ಅಂಕಿ ಬೇರೆ: ಕೇಂದ್ರದ ಮಾನದಂಡದಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ತೋಟಕ್ಕೆ 22,500. ಮಹಾರಾಷ್ಟ್ರ ಇದರ ಮೇಲೆ ಹಿಂಗಾರಿ ಬೀಜ-ಗೊಬ್ಬರಕ್ಕೆಂದು 10,000 ಸೇರಿಸಿ, ಎರಡು ಹೆಕ್ಟೇರಿನ ಮಿತಿಯನ್ನು ಮೂರಕ್ಕೆ ಏರಿಸಿತು. ಕರ್ನಾಟಕ ಮೂರೂ ದರಕ್ಕೆ 8,500 ಕೂಡಿಸಿತು. ಎರಡೂ ಸರ್ಕಾರಗಳು ಕೈಬಿಚ್ಚಿದ್ದು ನಿಜ. ಆದರೆ ಮೂಲ ದರವನ್ನು ಎಕರೆಗೆ ಇಳಿಸಿ ನೋಡಿ: ಒಣಬೇಸಾಯದವನಿಗೆ ಸುಮಾರು 3,440 ರೂಪಾಯಿ. ಅದೂ ಬೆಳೆಹಾನಿ ಶೇ 33 ಮುಟ್ಟಿದರೆ ಮಾತ್ರ. ಶೇ 30ಕ್ಕೆ ನಿಂತರೆ ಬಿಡಿಗಾಸಿಲ್ಲ.

ಆ ಶೇಕಡಾವಾರನ್ನು ಬರೆಯುವವರು ಯಾರು? ಮಹಾರಾಷ್ಟ್ರದಲ್ಲಿ ಕೆಸರು ಬದುವಿನ ಮೇಲೆ ತಲಾಠಿ, ಗ್ರಾಮಸೇವಕ, ಕೃಷಿ ಸಹಾಯಕ ಮೂವರು ನಿಂತು, ಮೊಬೈಲಿನಲ್ಲಿ ಫೋಟೊ ತೆಗೆದು ಪಂಚನಾಮೆ ಮುಗಿಸುತ್ತಾರೆ. ಹೊಲದವನು ಪಕ್ಕದಲ್ಲೇ ನಿಂತಿದ್ದರೂ ಹಾಳೆಯಲ್ಲಿ 33 ಎಂದಿದೆಯೋ 30 ಎಂದಿದೆಯೋ ಅವನಿಗೆ ಗೊತ್ತಾಗುವುದು ಎಷ್ಟೋ ಸಲ ಹಣ ಬಾರದೇ ಹೋದ ಮೇಲೆ. ಹಣ ಹೋಗುವುದು ಸಾತ್‌ಬಾರಾ ಉತಾರೆ, ಅಂದರೆ ಪಹಣಿಯಲ್ಲಿರುವ ಹೆಸರಿಗೆ. ಬಟಾಯಿಗೆ ಹೊಲ ಹಿಡಿದು ಬೀಜ, ಗೊಬ್ಬರ, ಕೂಲಿ ಸುರಿದವನ ಹೆಸರು ಅಲ್ಲಿರುವುದಿಲ್ಲ. ಅಜ್ಜ ತೀರಿ ವರ್ಷಗಳಾದರೂ ಅವನ ಹೆಸರೇ ಉಳಿದಿದ್ದರೆ ಮೊಮ್ಮಕ್ಕಳು ತಹಶೀಲ್ದಾರ್ ಕಚೇರಿಗೆ ಅಲೆಯಬೇಕು. 2025ರಲ್ಲಿ ಮಹಾರಾಷ್ಟ್ರ ‘ಜಿವಂತ್ ಸಾತ್‌ಬಾರಾ’ ಅಭಿಯಾನ ನಡೆಸಿದ್ದು, ಕರ್ನಾಟಕ ಪೌತಿ ಖಾತೆ ಆಂದೋಲನಕ್ಕೆ ಇಳಿದದ್ದು ಈ ಗಂಟು ಬಿಡಿಸಲೆಂದೇ. ಬಟಾಯಿದಾರನ ಗಂಟು ಮಾತ್ರ ಇನ್ನೂ ಬಿಚ್ಚಿಲ್ಲ.

ವಿಮೆಯ ಆಸರೆಯೂ ಅದೇ ವರ್ಷ ಸಡಿಲವಾಯಿತು. ಒಂದು ರೂಪಾಯಿಯ ಬೆಳೆವಿಮೆಯನ್ನು ಕೈಬಿಟ್ಟ ಮಹಾರಾಷ್ಟ್ರ, ಪರಿಹಾರವನ್ನು ಬೆಳೆ ಕಟಾವು ಪ್ರಯೋಗಕ್ಕಷ್ಟೇ ಕಟ್ಟಿಹಾಕಿತು. ಹಾಗಾಗಿ ಪಂಚನಾಮೆಯ ಹಾಳೆಯ ತೂಕ ಇನ್ನೂ ಹೆಚ್ಚಿದೆ.

ಸರ್ಕಾರದ ಹಾಳೆಯಲ್ಲಿರುವುದು ರೈತನಿಗೆ ತಿಳಿಯಲೆಂದು ಪುಣೆ ಹಿಂದೊಮ್ಮೆ ಹೋರಾಡಿದೆ. 1896ರ ಬರದಲ್ಲಿ ತಿಲಕರ ‘ಕೇಸರಿ’ ಮತ್ತು ಪುಣೆ ಸಾರ್ವಜನಿಕ ಸಭೆ ಬ್ರಿಟಿಷರ ಬರ ಸಂಹಿತೆಯನ್ನು ಮರಾಠಿಯಲ್ಲಿ ಬಿಡಿಸಿ ಹೇಳಿ, ಕಾರ್ಯಕರ್ತರನ್ನು ಹಳ್ಳಿಗಟ್ಟಿದವು. ಬೆಳೆ ಬಾರದಿದ್ದರೆ ಕಂದಾಯ ತಡೆಹಿಡಿಯಬೇಕೆಂದು ಸರ್ಕಾರದ ಪುಸ್ತಕವೇ ಹೇಳುತ್ತದೆ, ಬೇಡಬೇಡಿ, ಕೇಳಿ ಎಂಬುದೇ ಆ ಪ್ರಚಾರದ ತಿರುಳು. 1897ರಲ್ಲಿ ಸರ್ಕಾರ ಸಭೆಯ ಮಾನ್ಯತೆಯನ್ನೇ ಕಿತ್ತುಕೊಂಡಿತು.

ಕೇಳುವ ದಾರಿ ರಾಜ್ಯಗಳಿಗೂ ಸಲೀಸಲ್ಲ. 2023ರ ಬರಕ್ಕೆ ಕೇಂದ್ರದಿಂದ 18,171 ಕೋಟಿ ಕೇಳಿದ ಕರ್ನಾಟಕ ಸುಪ್ರೀಂ ಕೋರ್ಟ್ ಮೆಟ್ಟಿಲೇರಬೇಕಾಯಿತು. 2024ರ ಏಪ್ರಿಲ್‌ನಲ್ಲಿ ಬಂದದ್ದು 3,454 ಕೋಟಿ. ರಾಜ್ಯಕ್ಕೆ ವಕೀಲರಿದ್ದಾರೆ, ಅಂಕಿಅಂಶವಿದೆ. ಎರಡು ಎಕರೆಯವನಿಗೆ ಚಾವಡಿಯ ಗೋಡೆಯಾದರೂ ಬೇಕು. ಹಣ ಬಿಡುಗಡೆಯಾಗುವ ಮೊದಲೇ ಸರ್ವೆ ನಂಬರು, ಬರೆದ ಹಾನಿಯ ಪ್ರಮಾಣ, ಸಿಗುವ ದರ ಮೂರನ್ನೂ ಅಲ್ಲಿ ಅಂಟಿಸಿ, ತಕರಾರಿಗೆ ಒಂದು ವಾರ ಕೊಡಬೇಕು.