ಕೂಸು ಬಡವಾಗದಿರಲಿ

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ಹುಟ್ಟಿದ ಕಾಲಕ್ಕೆ ಮೂವರೂ ಒಂದೇ ಸೂರಿನಡಿ ಇದ್ದರು. ಈಗ ಗಂಡ ಒಂದು ದೇಶದಲ್ಲಿ, ಹೆಂಡತಿ ಇನ್ನೊಂದರಲ್ಲಿ, ನಡುವೆ ಕಡಲು. ಕೂಸು ಯಾವ ದಡದಲ್ಲಿರಬೇಕೆಂಬುದೇ ವ್ಯಾಜ್ಯ.

ಗಡಿಯೆಂಬುದು ಕಾರವಾರದವರಿಗೆ ಹೊಸತಲ್ಲ. ಕಾಳಿ ನದಿ ದಾಟಿ ಮಾಜಾಳಿಯ ಆಚೆ ಹೋದರೆ ಗೋವೆ. 1961ರ ಡಿಸೆಂಬರಿನವರೆಗೆ ಅದು ಪೋರ್ತುಗೀಜರ ಆಳ್ವಿಕೆಯ ಪರನಾಡು. ಕಾರವಾರ, ಅಂಕೋಲೆಗಳ ಎಷ್ಟೋ ಮನೆತನಗಳ ಕುಲದೇವರು ಅಲ್ಲಿಯೇ ಇದ್ದರು. ಆ ಗಡಿ ಅಳಿಯಿತು. ಆದರೆ ಮಕ್ಕಳು ಕೊಲ್ಲಿ ದೇಶಗಳಿಗೂ ಅಮೆರಿಕೆಗೂ ಹೋಗಿ ನೆಲೆಸಿದ ಮೇಲೆ ಹೊಸ ಗಡಿಗಳು ಮನೆಯ ಪಡಸಾಲೆಗೇ ಬಂದಿವೆ.

ಅಂಕೋಲೆಯ ಮಗಳೊಬ್ಬಳು, ಅಮೆರಿಕೆಯಲ್ಲಿ ಹುಟ್ಟಿದ ಮಗುವಿನೊಡನೆ, ಗಂಡನಿಗೆ ತಿಳಿಸದೆ ತವರಿಗೆ ಬಂದಳೆಂದು ಊಹಿಸಿಕೊಳ್ಳಬಹುದು. ತವರಿನವರ ಪಾಲಿಗೆ ಅವಳು ಮನೆಗೆ ಮರಳಿದ ಮಗಳು. ಅಲ್ಲಿಯ ನ್ಯಾಯಾಲಯದ ಪಾಲಿಗೆ ಮಗುವನ್ನು ಅಪಹರಿಸಿದವಳಾಗಬಹುದು. ಮಗುವನ್ನು ತಂದವನು ತಂದೆಯಾದರೂ ಮಾತು ಇದೇ.

ಇಂತಹ ವ್ಯಾಜ್ಯಗಳಿಗಾಗಿಯೇ 1980ರ ಅಕ್ಟೋಬರ್ 25ರಂದು ಹೇಗ್ ಒಪ್ಪಂದವಾಯಿತು. 16 ವರ್ಷ ತುಂಬದ ಮಗುವನ್ನು ಅದು ಬೆಳೆಯುತ್ತಿದ್ದ ದೇಶದಿಂದ ಅಕ್ರಮವಾಗಿ ಒಯ್ದು ಒಂದು ವರ್ಷದೊಳಗೆ ದೂರು ಬಂದರೆ, ಮಗುವನ್ನು ಮರಳಿ ಕಳುಹಿಸಬೇಕೆಂಬುದು ಅದರ ಮುಖ್ಯ ನಿಯಮ. ಮರಳಿದರೆ ಮಗುವಿಗೆ ಗಂಭೀರ ಅಪಾಯವಿದೆಯೆಂದು ತೋರಿಸಿಕೊಟ್ಟಲ್ಲಿ ವಿನಾಯಿತಿ ಉಂಟು. ಮಗು ಯಾರ ಪಾಲಿಗೆಂಬುದನ್ನು ಅದು ತೀರ್ಮಾನಿಸದು; ಯಾವ ದೇಶದ ನ್ಯಾಯಾಲಯ ತೀರ್ಮಾನಿಸಬೇಕೆಂಬುದಷ್ಟೇ ಅದರ ಪ್ರಶ್ನೆ.

ಭಾರತ ಈ ಒಪ್ಪಂದಕ್ಕೆ ಸೇರಿಲ್ಲ. ಸೇರುವುದು ಲೇಸೆಂದು ಕಾನೂನು ಆಯೋಗ 2009ರಲ್ಲಿಯೇ ಸಲಹೆಯಿತ್ತಿತು. ಕ್ರೌರ್ಯಕ್ಕೆ ಹೆದರಿ ತವರು ಸೇರಿದ ತಾಯಂದಿರಿಗೆ ಅನ್ಯಾಯವಾದೀತೆಂಬ ಆಕ್ಷೇಪವೂ ಎದ್ದಿತು, ಅದು ತಳ್ಳಿಹಾಕುವಂತಹುದಲ್ಲ. ಹೀಗಾಗಿ ಇಲ್ಲಿ ಅಂತಿಮ ಅಳತೆಗೋಲು ಒಂದೇ: ಮಗುವಿನ ಹಿತ. ವಿದೇಶದ ಆಜ್ಞೆಯು ಪರಿಗಣಿಸಬೇಕಾದ ಸಂಗತಿಗಳಲ್ಲಿ ಒಂದು ಮಾತ್ರವೆಂದು 2017ರಲ್ಲಿ ಹೇಳಿದ ಸರ್ವೋಚ್ಚ ನ್ಯಾಯಾಲಯ, ಇಂಗ್ಲೆಂಡಿನಿಂದ ಬಂದ ಹುಡುಗಿಯನ್ನು ತಾಯಿಯ ಬಳಿಯೇ ಉಳಿಸಿತು. ಕರ್ನಾಟಕದಿಂದ ಮೇಲ್ಮನವಿಯಾಗಿ ಬಂದ ಇನ್ನೊಂದು ಪ್ರಕರಣದಲ್ಲಿ, 2022ರ ಜುಲೈಯಲ್ಲಿ, ಬೆಂಗಳೂರಿಗೆ ಕರೆತಂದಿದ್ದ ಹುಡುಗನನ್ನು ಅಮೆರಿಕೆಗೆ ಮರಳಿಸಬೇಕೆಂದಿತು. ಅಳತೆಗೋಲು ಒಂದೇ, ಮಕ್ಕಳ ಬಾಳು ಬೇರೆ ಬೇರೆ.

ಅಂಕೋಲೆಯ ಆ ಮನೆಯವರು ಎಲ್ಲಿಗೆ ಹೋಗಬೇಕು? 1890ರ ಪಾಲಕರ ಕಾಯಿದೆಯಂತೆ, ಮಗು ಸಾಮಾನ್ಯವಾಗಿ ವಾಸಿಸುವ ಸ್ಥಳದ ಜಿಲ್ಲಾ ನ್ಯಾಯಾಲಯಕ್ಕೆ ಅಧಿಕಾರ. ಇಲ್ಲಿ ಅದು ಕಾರವಾರ. ಆದರೆ ಕೆಲವು ತಿಂಗಳ ವಾಸದಿಂದ ಅಂಕೋಲೆ ಆ ಮಗುವಿನ ಸಾಮಾನ್ಯ ವಾಸಸ್ಥಳವಾಯಿತೇ ಎಂಬುದೇ ಮೊದಲ ಜಗಳ. ಇತ್ತ ತಂದೆ ಹೇಬಿಯಸ್ ಕಾರ್ಪಸ್ ಅರ್ಜಿ ಹಿಡಿದು ಉಚ್ಚ ನ್ಯಾಯಾಲಯದ ಧಾರವಾಡ ಪೀಠದ ಬಾಗಿಲು ತಟ್ಟಬಹುದು.

ವ್ಯಾಜ್ಯ ಸಾಗುತ್ತಿರುವಾಗ ಮಗು ಸುಮ್ಮನೆ ಕುಳಿತಿರದು. ಹೊಸ ಶಾಲೆಗೆ ಸೇರುತ್ತದೆ, ಕೊಂಕಣಿ ಕನ್ನಡಗಳನ್ನು ಕಲಿಯುತ್ತದೆ, ಅಜ್ಜಿಗೆ ಅಂಟಿಕೊಳ್ಳುತ್ತದೆ. ಎರಡು ವರ್ಷ ಕಳೆದು ಮರಳೆಂದರೆ ಎರಡನೆಯ ಬಾರಿ ಬೇರು ಕಿತ್ತಂತೆ. ಆದುದರಿಂದ ಮಗುವನ್ನು ಕರೆತರುವ ಮೊದಲೇ ಇನ್ನೊಬ್ಬರ ಲಿಖಿತ ಒಪ್ಪಿಗೆ ಪಡೆಯುವುದು ಕ್ಷೇಮ. ಪ್ರಾಣಭಯದಿಂದ ಓಡಿಬಂದವಳಾದರೆ, ಹಿಂಸೆಯ ಸಾಕ್ಷ್ಯಗಳೊಡನೆ ತಡಮಾಡದೆ ನ್ಯಾಯಾಲಯಕ್ಕೆ ಹೋಗಬೇಕು. ಅಡಗಿ ಕುಳಿತಷ್ಟೂ ಅವಳ ಸತ್ಯ ಸೊರಗುತ್ತದೆ. ಮಗುವಿಗೆ ಅಪಾಯವಿಲ್ಲದಲ್ಲಿ ದೂರದಲ್ಲಿರುವವರ ದನಿ ಅದಕ್ಕೆ ಕೇಳಿಸುತ್ತಿರಲಿ. ಹಿರಿಯರು ತಮ್ಮ ಮಗಳ ಪಕ್ಷ, ಮಗನ ಪಕ್ಷ ಎಂದು ನಿಲ್ಲುವುದು ಸಹಜ. ಕೂಸಿನ ಪಕ್ಷ ವಹಿಸುವವರು ಮನೆಯಲ್ಲಿ ಒಬ್ಬರಾದರೂ ಇರಬೇಕು.