ಹಳೆಯ ಬಂಡಿ, ಸಿಗದ ಬಿಡಿಭಾಗ

ಹೆಚ್ಚು ತಿರುಗುವುದು ಬೇಗ ಸವೆಯುತ್ತದೆ ಎಂಬುದು ಗಾಡಿ ಕಟ್ಟಿದವರೆಲ್ಲ ತಲೆಮಾರುಗಳಿಂದ ತಿಳಿದುಬಂದ ಮಾತು. ಎತ್ತಿನ ಗಾಡಿಯಲ್ಲಿ ಮೊದಲು ಸವೆಯುತ್ತಿದ್ದುದು ಅಚ್ಚು. ಅದಕ್ಕಾಗಿಯೇ ಗಾಡಿಯ ಕೆಳಗೆ ಕೀಲೆಣ್ಣೆಯ ಗೊಟ್ಟ ತೂಗಾಡುತ್ತಿತ್ತು. ಅಚ್ಚು ಸವೆದರೆ ಊರ ಬಡಗಿಯೋ ಕಮ್ಮಾರನೋ ಅದನ್ನು ಕೈಯಲ್ಲಿ ಹಿಡಿದು, ಅಳೆದು, ಅಂಥದೇ ಇನ್ನೊಂದನ್ನು ಮಾಡಿಕೊಡುತ್ತಿದ್ದ. ಕೆಟ್ಟ ವಸ್ತುವೇ ಹೊಸ ವಸ್ತುವಿಗೆ ಮಾದರಿಯಾಗಿತ್ತು. ಯಂತ್ರಯುಗ ಬಂದ ಮೇಲೂ ಬಹುಕಾಲ ಈ ನ್ಯಾಯ ಹಾಗೆಯೇ ನಡೆಯಿತು. ಹಲ್ಲುಗಾಲಿ ಮುರಿದರೆ ಮುರಿದ ಹಲ್ಲನ್ನು ನೋಡಿ ಇನ್ನೊಂದನ್ನು ಕಡೆಯಬಹುದಾಗಿತ್ತು.

ಈಗ ಆ ನ್ಯಾಯ ತಲೆಕೆಳಗಾಗಿದೆ. ಮೂವತ್ತು ವರ್ಷ ದಾಟಿದ ಒಂದು ಒಳ್ಳೆಯ ಸ್ಪೋರ್ಟ್ಸ್ ಕಾರನ್ನು ಬಿಚ್ಚಿ ನೋಡಿದರೆ ಎಂಜಿನ್ನು ಗಟ್ಟಿಯಾಗಿರುತ್ತದೆ, ಗೇರುಗಳು ಗಟ್ಟಿಯಾಗಿರುತ್ತವೆ. ಮೊದಲು ಮುಪ್ಪಾಗಿರುವುದು ಎಂದೂ ಅಲುಗದ, ಸದ್ದು ಮಾಡದ, ತಗಡಿನ ಪೆಟ್ಟಿಗೆಯೊಳಗೆ ಮುಚ್ಚಿಟ್ಟ ಎಲೆಕ್ಟ್ರಾನಿಕ್ ಫಲಕ. ಅದನ್ನು ಎಷ್ಟು ಹೊತ್ತು ನೋಡಿದರೂ ಅದರಂಥ ಇನ್ನೊಂದನ್ನು ಮಾಡುವ ಬಗೆ ಕಣ್ಣಿಗೆ ಕಾಣುವುದಿಲ್ಲ. ಸಾಹಿತ್ಯದ ಪುಟದಲ್ಲಿ ಕಾರಿನ ಮಾತೇಕೆ ಎಂದು ಓದುಗರು ಕೇಳಬಹುದು. ಸ್ವಲ್ಪ ತಾಳ್ಮೆಯಿಂದ ನನ್ನೊಡನೆ ಬಂದರೆ, ಈ ದಾರಿ ನಮ್ಮ ಮನೆಯ ಅಟ್ಟಕ್ಕೇ ತಲುಪುತ್ತದೆ ಎಂಬುದು ಅವರಿಗೂ ಮನವರಿಕೆಯಾದೀತು.

ಮೆಕ್‌ಲಾರೆನ್ ಎಫ್1 ಎಂಬ ಕಾರಿನ ಹೆಸರನ್ನು ಹಲವರು ಕೇಳಿರಬಹುದು. ಗೋರ್ಡನ್ ಮರ್ರೆ ಎಂಬ ವಿನ್ಯಾಸಕಾರ ರೂಪಿಸಿದ ಈ ಕಾರು 1992ರಲ್ಲಿ ಲೋಕಕ್ಕೆ ಪರಿಚಯವಾಯಿತು. ಮಾಡಿದ್ದು ಒಟ್ಟು 106 ಮಾತ್ರ. 1995ರಲ್ಲಿ ಫ್ರಾನ್ಸಿನ ಲಮಾನ್ ನಗರದ ಇಪ್ಪತ್ತನಾಲ್ಕು ತಾಸಿನ ಪಂದ್ಯವನ್ನು ಅದು ಗೆದ್ದಿತು; 1998ರಲ್ಲಿ ಗಂಟೆಗೆ 386 ಕಿಲೋಮೀಟರಿಗೂ ಮಿಕ್ಕ ವೇಗವನ್ನು ಮುಟ್ಟಿತು. 2021ರಲ್ಲಿ ಅಮೆರಿಕದ ಹರಾಜೊಂದರಲ್ಲಿ ಇಂಥ ಒಂದು ಕಾರು ಎರಡು ಕೋಟಿ ಡಾಲರಿಗೂ ಹೆಚ್ಚಿನ ಬೆಲೆಗೆ ಹೋಯಿತು. ಇಷ್ಟೆಲ್ಲ ವೈಭವದ ಈ ಯಂತ್ರಕ್ಕೆ ಏನಾದರೂ ತೊಂದರೆಯಾದರೆ ಅದರ ನಾಡಿ ಹಿಡಿದು ನೋಡಲು ಬೇಕಾಗಿದ್ದುದು 1990ರ ದಶಕದ ಒಂದು ಕಾಂಪ್ಯಾಕ್ ಲ್ಯಾಪ್‌ಟಾಪ್! ಆ ಗಣಕದೊಳಗೆ ಕೂರಿಸಿದ ವಿಶೇಷ ಕಾರ್ಡೊಂದು, ಡಾಸ್ ವ್ಯವಸ್ಥೆಯಲ್ಲಿ ನಡೆಯುವ ಒಂದು ತಂತ್ರಾಂಶ - ಇವೆರಡೂ ಇದ್ದರೆ ಮಾತ್ರ ಕಾರು ತನ್ನ ನೋವನ್ನು ಹೇಳಿಕೊಳ್ಳುತ್ತಿತ್ತು. ಹಳೆಯ ಲ್ಯಾಪ್‌ಟಾಪುಗಳು ಕೈಕೊಡುತ್ತಿವೆ, ಬದಲಿಗೆ ಬೇರೆ ಸಿಗುವುದು ದುರ್ಲಭವಾಗುತ್ತಿದೆ, ಹೊಸ ಗಣಕಗಳಿಗೆ ಹೊಂದುವ ಉಪಾಯವೊಂದನ್ನು ಮಾಡುತ್ತಿದ್ದೇವೆ ಎಂದು ಸಂಸ್ಥೆಯವರೇ 2016ರಲ್ಲಿ ಹೇಳಿಕೊಂಡರು. ಆ ಗಣಕವನ್ನು ಮಾಡಿದ ಕಾಂಪ್ಯಾಕ್ ಕಂಪನಿಯಾದರೋ 2002ರಲ್ಲೇ ಇನ್ನೊಂದು ಕಂಪನಿಯಲ್ಲಿ ಲೀನವಾಗಿತ್ತು. ಹಳೆಯ ಸಾಮಾನಿನ ಅಂಗಡಿಯಲ್ಲಿ ಯಾರೂ ತಿರುಗಿ ನೋಡದ ಪೆಟ್ಟಿಗೆಯ ಮುಂದೆ ಎರಡು ಕೋಟಿ ಡಾಲರಿನ ರಥ ಕೈಕಟ್ಟಿ ನಿಂತ ಈ ಚಿತ್ರವನ್ನು ನಾನು ಮರೆಯಲಾರೆ.

ಇದು ಒಂದು ಕಾರಿನ ವಿಚಿತ್ರ ಕಥೆ ಮಾತ್ರವಲ್ಲ. 1979ರಲ್ಲಿ ಬಾಷ್ ಸಂಸ್ಥೆಯ ಮೋಟ್ರಾನಿಕ್ ವ್ಯವಸ್ಥೆ ಬಂದಾಗ ಪೆಟ್ರೋಲಿನ ಅಳತೆ ಮತ್ತು ಕಿಡಿ ಹಾರುವ ಗಳಿಗೆ, ಎರಡೂ ಒಂದೇ ಗಣಕದ ಅಂಕೆಗೆ ಬಂದವು. ಮುಂದಿನ ಹದಿನೈದು ವರ್ಷಗಳಲ್ಲಿ ಒಳ್ಳೆಯ ಕಾರುಗಳೆಲ್ಲ ಈ ದಾರಿ ಹಿಡಿದವು. ಹೊಗೆ ಕಡಿಮೆಯಾಯಿತು, ಇಂಧನ ಉಳಿಯಿತು, ಬಲ ಹೆಚ್ಚಿತು. ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಆ ಪೆಟ್ಟಿಗೆಗಳಲ್ಲಿ ಕೆಪಾಸಿಟರ್ ಎಂಬ ಪುಟ್ಟ ಡಬ್ಬಿಗಳಿದ್ದವು. ಎರಡು ಅಲ್ಯೂಮಿನಿಯಂ ಹಾಳೆಗಳ ನಡುವೆ ದ್ರವದಲ್ಲಿ ನೆನೆದ ಕಾಗದವನ್ನಿಟ್ಟು ಸುತ್ತಿ, ಬಾಯಿಗೆ ರಬ್ಬರಿನ ಬಿರಡೆ ಹಾಕಿದರೆ ಒಂದು ಕೆಪಾಸಿಟರ್. ಕಾಲ ಕಳೆದಂತೆ ಆ ದ್ರವ ಆರುತ್ತದೆ, ಇಲ್ಲವೇ ಸೋರುತ್ತದೆ. ಸುತ್ತಲಿನ ಶಾಖ ಹತ್ತು ಡಿಗ್ರಿ ಏರಿದರೆ ಅದರ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ತಂತ್ರಜ್ಞರ ಲೆಕ್ಕ. ಸೋರಿದ ದ್ರವ ಫಲಕದ ತಾಮ್ರದ ಗೆರೆಗಳನ್ನು ಗೆದ್ದಲಿನಂತೆ ತಿನ್ನುತ್ತದೆ. 1990ರಲ್ಲಿ ಮಾರುಕಟ್ಟೆಗೆ ಬಂದ ಹೋಂಡಾ ಎನ್‌ಎಸ್‌ಎಕ್ಸ್ ಕಾರಿನ ಅಲ್ಯೂಮಿನಿಯಂ ಮೈಗೆ ತುಕ್ಕಿನ ಭಯವಿರಲಿಲ್ಲ. ಆದರೆ ಅದರ ಹವಾನಿಯಂತ್ರಣದ ಫಲಕದಲ್ಲಿ ಇಂಥ ಡಬ್ಬಿಗಳು ಸೋರುವುದು ಆ ಕಾರಿನ ಒಡೆಯರಿಗೆಲ್ಲ ಗೊತ್ತಿರುವ ರೋಗ.

ಕೆಪಾಸಿಟರಿಗಾದರೂ ಬದಲಿ ಉಂಟು. ತಿಳಿದವನೊಬ್ಬ ಬೆಸುಗೆಯ ಕಡ್ಡಿ ಹಿಡಿದು ಕುಳಿತರೆ ಅರ್ಧ ದಿನದ ಕೆಲಸ. ಕಷ್ಟ ಇರುವುದು ಚಿಪ್‌ಗಳಲ್ಲಿ. ಒಂದು ಕಾರಿಗೆಂದೇ ಮಾಡಿಸಿದ ಚಿಪ್ ಅನ್ನು ಕಾರ್ಖಾನೆ ಕೆಲವು ವರ್ಷ ಮಾತ್ರ ಅಚ್ಚು ಹಾಕುತ್ತದೆ. ಆಮೇಲೆ ಕೊಳ್ಳುವವರಿಗೆ ಕೊನೆಯ ಕರೆ ಕೊಟ್ಟು, ಸಾಲನ್ನೇ ಮುಚ್ಚುತ್ತದೆ. ಚಿಪ್ ಲೋಕದ ಆಯುಷ್ಯ ಮಿಡತೆಯದು. ಕಾರಿನ ಆಯುಷ್ಯ ಆಮೆಯದು. ಎರಡನ್ನೂ ಒಂದೇ ನೊಗಕ್ಕೆ ಹೂಡಿದ್ದೇವೆ.

ಇನ್ನು ಚಿಪ್‌ನೊಳಗೆ ಬರೆದಿಟ್ಟ ಕಾರ್ಯಕ್ರಮದ ಮಾತು. ಆ ಕಾಲದ ಹಲವು ಕಾರುಗಳಲ್ಲಿ ಇದನ್ನು ಇಪ್ರಾಮ್ ಎಂಬ ಚಿಪ್‌ನಲ್ಲಿ ಇಡುತ್ತಿದ್ದರು. ಇಂಟೆಲ್ ಸಂಸ್ಥೆಯಲ್ಲಿ ಡೋವ್ ಫ್ರೋಮನ್ 1971ರಲ್ಲಿ ಬೆಳಕಿಗೆ ತಂದ ಉಪಾಯವಿದು. ಸುತ್ತ ಕಾಪಿಟ್ಟ ಅತಿಸೂಕ್ಷ್ಮ ಕಣಜದಲ್ಲಿ ವಿದ್ಯುತ್ ಕಣಗಳನ್ನು ಕೂಡಿಹಾಕುವುದೇ ಇಲ್ಲಿನ ಬರಹ. ನೇರಳಾತೀತ ಬೆಳಕು ಬಿದ್ದರೆ ಬರಹ ಅಳಿಯುತ್ತದೆ. ಬೆಳಕು ಬೀಳದಿದ್ದರೂ ದಶಕಗಳಲ್ಲಿ ಕಣಗಳು ಒಂದೊಂದಾಗಿ ಜಾರಿಕೊಳ್ಳುತ್ತವೆ. ಅಕ್ಷರವೊಂದು ತಾನಾಗಿಯೇ ಮಾಸಿ ಇನ್ನೊಂದು ಅಕ್ಷರವಾಗುವ ಪುಸ್ತಕವನ್ನು ಊಹಿಸಿಕೊಳ್ಳಿ. ಅದು ಮಾಸುವ ಮೊದಲು ಯಾರಾದರೂ ಪ್ರತಿ ತೆಗೆದಿಟ್ಟರೆ ಉಳಿಯಿತು, ಇಲ್ಲವಾದರೆ ಹೋಯಿತು.

ಇಲ್ಲಿಗೆ ಬಂದಾಗ ನನಗೆ ನಮ್ಮ ಓಲೆಗರಿಗಳ ನೆನಪಾಗದೆ ಇರದು. ಗರಿಗೂ ಹುಳುವಿನ ಕಾಟ, ಒಣಗಿ ಮುರಿಯುವ ಕಾಟ. ಆದುದರಿಂದ ಲಿಪಿಕಾರರು ಹಳೆಯ ಗರಿ ಸಾಯುವ ಮುನ್ನ ಹೊಸ ಗರಿಗೆ ಗ್ರಂಥವನ್ನು ಇಳಿಸುತ್ತಿದ್ದರು. ಪಂಪನ ಕೈಬರಹ ನಮಗುಳಿದಿಲ್ಲ, ಪಂಪ ಉಳಿದಿದ್ದಾನೆ. ಪ್ರತಿ ಮಾಡಿದವರ ಹೆಸರನ್ನು ನಾವು ಬಹುಮಟ್ಟಿಗೆ ಮರೆತಿದ್ದೇವೆ, ಅವರ ಬೆರಳುಗಳ ಫಲವನ್ನು ಉಣ್ಣುತ್ತಿದ್ದೇವೆ. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು, ಮನೆಮನೆ ಅಲೆದು ವಚನಗಳ ಕಟ್ಟುಗಳನ್ನು ಕೂಡಿಸದಿದ್ದರೆ ಎಷ್ಟೋ ವಚನಗಳು ಅಟ್ಟದ ಧೂಳಿನಲ್ಲೇ ಧೂಳಾಗುತ್ತಿದ್ದವು. ಇಂದು ಹಳೆಯ ಕಾರಿನ ಒಂದು ಪೆಟ್ಟಿಗೆಗಾಗಿ ದೇಶದೇಶಗಳ ಗುಜರಿ ಅಂಗಡಿಗಳಿಗೆ ಪತ್ರ ಬರೆಯುವವನನ್ನು, ಒಂದು ಚಿಪ್‌ನ ಬರಹವನ್ನು ಪ್ರತಿ ತೆಗೆದು ತನ್ನಂಥ ನಾಲ್ವರಿಗೆ ಹಂಚುವವನನ್ನು ಹಳಕಟ್ಟಿಯವರ ಪಕ್ಕದಲ್ಲಿ ಕೂರಿಸುವ ಧಾರ್ಷ್ಟ್ಯ ನನಗಿಲ್ಲ. ವಚನವೂ ಪೆಟ್ರೋಲಿನ ಅಳತೆಯೂ ಒಂದೇ ತೂಕದವಲ್ಲ. ಆದರೆ ಕೆಲಸದ ಜಾತಿ ಒಂದೇ. ಅದನ್ನು ಒಪ್ಪಿಕೊಳ್ಳದಿರುವುದು ಅನ್ಯಾಯ.

ಅರಸುವವನ ಕಷ್ಟ ಹುಡುಕಾಟದೊಂದಿಗೆ ಮುಗಿಯುವುದಿಲ್ಲ. ಅಪಘಾತದಲ್ಲಿ ಜಜ್ಜಿಹೋದ ಕಾರಿನಿಂದ ತೆಗೆದ ಪೆಟ್ಟಿಗೆ ಸಿಕ್ಕಿದರೆ ಅದಕ್ಕೂ ಇದರಷ್ಟೇ ವಯಸ್ಸು; ಅದೇ ಕೆಪಾಸಿಟರ್, ಅದೇ ಸೋರಿಕೆ. ಹೊಸದು ಎಂದು ಮಾರುವವನನ್ನು ನಂಬುವುದು ಹೇಗೆ? ಹಳೆಯ ಚಿಪ್‌ನ ಮೈ ಉಜ್ಜಿ, ಬೇರೆ ಹೆಸರು ಅಚ್ಚೊತ್ತಿ ಮಾರುವ ವಂಚನೆ ಲೋಕವ್ಯಾಪಿಯಾಗಿದೆ. ಅಮೆರಿಕದ ಸೆನೆಟ್ಟಿನ ಸಶಸ್ತ್ರಪಡೆಗಳ ಸಮಿತಿ 2012ರಲ್ಲಿ ಕೊಟ್ಟ ವರದಿ, ಸೇನೆಯ ಸರಬರಾಜಿನಲ್ಲಿಯೇ ಇಂಥ ಶಂಕಾಸ್ಪದ ಭಾಗಗಳ ಸುಮಾರು 1,800 ಪ್ರಕರಣಗಳನ್ನು ಗುರುತಿಸಿತು. ಭಾಗಗಳ ಸಂಖ್ಯೆ ಹತ್ತು ಲಕ್ಷವನ್ನು ಮೀರಿತ್ತು. ಸೇನೆಗೇ ಈ ಗತಿಯಾದರೆ ಒಬ್ಬ ಬಡ ಮೆಕ್ಯಾನಿಕ್ಕಿನ ಪಾಡೇನು?

ಈಗ ಒಂದು ಆಕ್ಷೇಪವನ್ನು ಎದುರಿಸಬೇಕು. ಇದೆಲ್ಲ ಸಿರಿವಂತರ ಆಟಿಕೆಯ ಕಥೆಯಲ್ಲವೇ, ಹೊಟ್ಟೆ ತುಂಬಿದವರ ಚಿಂತೆ ನಮಗೇಕೆ ಎಂದು ಕೇಳಿದರೆ ಅದು ಸಹಜವಾದ ಪ್ರಶ್ನೆ. ನನ್ನ ಉತ್ತರ ಇಷ್ಟೆ: ರೋಗ ಎಲ್ಲರ ಮನೆಯಲ್ಲೂ ಇದೆ, ಸಿರಿವಂತನ ಮನೆಯಲ್ಲಿ ಮಾತ್ರ ವೈದ್ಯನನ್ನು ಕರೆಸುತ್ತಾರೆ, ಹೀಗಾಗಿ ಅಲ್ಲಿ ಅದಕ್ಕೆ ಹೆಸರು ಸಿಕ್ಕಿದೆ. ಅಮೆರಿಕದ ನಾಸಾ ಸಂಸ್ಥೆಯೇ ತನ್ನ ಬಾಹ್ಯಾಕಾಶ ನೌಕೆಯ ಪರೀಕ್ಷಾ ಉಪಕರಣಗಳಿಗೆ ಬೇಕಾದ 8086 ಎಂಬ ಚಿಪ್‌ಗಳನ್ನು ಅಂತರಜಾಲದ ಹರಾಜುಕಟ್ಟೆಗಳಲ್ಲಿ ಹುಡುಕುತ್ತಿತ್ತೆಂದು 2002ರಲ್ಲಿ ಪತ್ರಿಕೆಗಳು ಬರೆದವು. ಆ ಚಿಪ್ ಹುಟ್ಟಿದ್ದು 1978ರಲ್ಲಿ. ಆಸ್ಪತ್ರೆಯ ಯಂತ್ರ, ಕಾರ್ಖಾನೆಯ ಲೇತು, ಹೊಲದ ಟ್ರ್ಯಾಕ್ಟರು, ಅಡುಗೆಮನೆಯ ಮಿಕ್ಸಿ - ಎಲ್ಲದರೊಳಗೂ ಇಂದು ಒಂದು ಮೌನವಾದ ಫಲಕವಿದೆ. ಅದು ಕೆಟ್ಟ ದಿನ ನಾವು ಹುಡುಕುವುದೂ ಇಲ್ಲ; "ಇದರ ಪಾರ್ಟು ಬರೋದು ನಿಂತುಹೋಯ್ತು ಸಾರ್, ಹೊಸದು ತಗೊಳ್ಳಿ" ಎಂಬ ಮಾತನ್ನು ವಿಧಿವಾಕ್ಯವೆಂಬಂತೆ ಒಪ್ಪಿ, ಗಟ್ಟಿಮುಟ್ಟಾದ ಯಂತ್ರವನ್ನು ಗುಜರಿಗೆ ಹಾಕುತ್ತೇವೆ. ಆ ಮಾತನ್ನು ಒಪ್ಪದೆ ಹಟ ಹಿಡಿದವರು ಯಾರೋ, ಅವರು ನಮಗಾಗಿಯೂ ಹಟ ಹಿಡಿದಿದ್ದಾರೆ.

ತಯಾರಕರ ಕಡೆಯಿಂದಲೂ ಹೇಳುವುದಿದೆ. ನೂರು ಜನರಿಗಾಗಿ ಒಂದು ಚಿಪ್‌ನ ಸಾಲನ್ನು ತೆರೆದಿಡುವುದು ಯಾವ ವ್ಯಾಪಾರಿಗೂ ಸಾಧ್ಯವಿಲ್ಲ. ಕಾರಿನ ಗಣಕದ ಗುಟ್ಟು ಬೀದಿಗೆ ಬಂದರೆ ಕಳ್ಳರಿಗೂ ಬೀಗದ ಕೈ ಸಿಕ್ಕೀತು. ಬ್ರೇಕಿನ ಲೆಕ್ಕವನ್ನು ಅರೆತಿಳಿವಿನವರು ತಿದ್ದಿದರೆ ಪ್ರಾಣಕ್ಕೇ ಸಂಚಕಾರ. ಈ ಮಾತುಗಳಲ್ಲಿ ಹುರುಳಿದೆ. ಆದರೆ ಮಾಡಲಾಗದು ಎಂಬುದಕ್ಕೂ ಇತರರಿಗೆ ಮಾಡಗೊಡೆವು ಎಂಬುದಕ್ಕೂ ಅಂತರವಿದೆ. ಮೊದಲನೆಯದು ವ್ಯಾಪಾರದ ಮಿತಿ, ಎರಡನೆಯದು ಮತ್ಸರ. ಮಾಡುವ ಮನಸ್ಸಿದ್ದವರು ಮಾಡಿಯೂ ತೋರಿಸಿದ್ದಾರೆ. ನಿಸ್ಸಾನ್ ಸಂಸ್ಥೆ ತನ್ನ ಹಳೆಯ ಸ್ಕೈಲೈನ್ ಜಿಟಿ-ಆರ್ ಕಾರಿನ ಬಿಡಿಭಾಗಗಳನ್ನು 2017ರಿಂದ ಮತ್ತೆ ಒದಗಿಸತೊಡಗಿತು. ಟೊಯೋಟಾ 2020ರಲ್ಲಿ ತನ್ನ ಸುಪ್ರಾ ಕಾರಿಗೆ ಇದೇ ಕೆಲಸ ಆರಂಭಿಸಿತು. ಮೂಲ ತಯಾರಕರು ಕೈಬಿಟ್ಟ ಚಿಪ್‌ಗಳನ್ನು ಅವರಿಂದಲೇ ಹಕ್ಕು ಪಡೆದು ಮಾಡಿ ಮಾರುವ ರಾಚೆಸ್ಟರ್ ಎಲೆಕ್ಟ್ರಾನಿಕ್ಸ್ 1981ರಿಂದ ನಡೆದುಬಂದಿದೆ.

ಕಾನೂನೂ ನಿಧಾನವಾಗಿ ಕಣ್ಣು ತೆರೆಯುತ್ತಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿ ವಾಹನ ದುರಸ್ತಿಯ ಹಕ್ಕನ್ನು ಎತ್ತಿಹಿಡಿದರು. 2015ರಲ್ಲಿ ಆ ದೇಶದ ಕೃತಿಸ್ವಾಮ್ಯ ನಿಯಮಗಳಲ್ಲಿ, ತನ್ನ ವಾಹನದ ತಂತ್ರಾಂಶದ ಬೀಗವನ್ನು ದುರಸ್ತಿಗಾಗಿ ಒಡೆಯನು ತೆರೆಯಬಹುದೆಂಬ ವಿನಾಯಿತಿ ಸೇರಿತು. ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕನ್ನು ಕುರಿತು ಸಮಿತಿಯೊಂದನ್ನು ರಚಿಸಿ, ವಾಹನಗಳನ್ನೂ ಕೃಷಿ ಉಪಕರಣಗಳನ್ನೂ ಅದರ ವಿಚಾರಕ್ಕೆ ಸೇರಿಸಿತು.

ಇದಕ್ಕೆ ನಾನು ಒಂದು ಸಲಹೆಯನ್ನು ಜೋಡಿಸಬಯಸುತ್ತೇನೆ. ಅಚ್ಚಾದ ಪ್ರತಿಯೊಂದು ಪುಸ್ತಕದ ಪ್ರತಿಯನ್ನು ಸಾರ್ವಜನಿಕ ಗ್ರಂಥಾಲಯಕ್ಕೆ ಒಪ್ಪಿಸಬೇಕೆಂಬ ಕಾನೂನು ನಮ್ಮಲ್ಲಿ 1954ರಿಂದ ಇದೆ. ಪ್ರಕಾಶಕ ಮುಳುಗಿದರೂ ಪುಸ್ತಕ ಮುಳುಗದಿರಲಿ ಎಂಬುದು ಅದರ ಫಲ. ಹಾಗೆಯೇ, ಒಂದು ಭಾಗದ ತಯಾರಿಕೆಯನ್ನು ನಿಲ್ಲಿಸುವ ದಿನ ಅದರ ನಕ್ಷೆಯನ್ನೂ ಅದರೊಳಗಿನ ಬರಹವನ್ನೂ ತಯಾರಕನು ಒಂದು ಸಾರ್ವಜನಿಕ ಭಂಡಾರಕ್ಕೆ ಒಪ್ಪಿಸಲಿ. ಕಳ್ಳತನ ತಡೆಯುವ ಗುಟ್ಟುಗಳನ್ನು ಬೇಕಾದರೆ ಮುದ್ರೆ ಹಾಕಿಯೇ ಇಡಲಿ. ಮಾಡುವುದನ್ನು ನಿಲ್ಲಿಸುವ ಸ್ವಾತಂತ್ರ್ಯ ಅವನಿಗಿರಲಿ. ಮರೆಸುವ ಸ್ವಾತಂತ್ರ್ಯ ಬೇಡ.

ಅಧ್ಯಾಪಕ ಮಿತ್ರರಿಗೂ ಒಂದು ಮಾತು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹೊಸದನ್ನು ರಚಿಸುವುದಕ್ಕೆ ಇರುವ ಮಾನ ಹಳೆಯದನ್ನು ಓದುವುದಕ್ಕೆ ಇಲ್ಲ. ಗ್ರಂಥಸಂಪಾದನೆಯನ್ನು ಸಾಹಿತ್ಯದ ವಿದ್ಯಾರ್ಥಿ ಕಲಿಯುವಂತೆ, ಕೆಟ್ಟ ಫಲಕವೊಂದನ್ನು ಮುಂದಿಟ್ಟುಕೊಂಡು, ಇದನ್ನು ಬರೆದವನ ಮನಸ್ಸಿನಲ್ಲಿ ಏನಿತ್ತು ಎಂದು ಗೆರೆಗೆರೆ ಹಿಡಿದು ಹೋಗುವ ಶಿಕ್ಷಣವನ್ನು ತಂತ್ರವಿದ್ಯೆಯ ವಿದ್ಯಾರ್ಥಿಗೂ ಕೊಡಬಾರದೇಕೆ? ದುರಸ್ತಿ ಎಂಬುದು ಒಂದು ಬಗೆಯ ಓದು. ಅದರಲ್ಲಿ ವಿನಯವಿದೆ, ತನಗಿಂತ ಮೊದಲು ಕೆಲಸ ಮಾಡಿದವನ ಬುದ್ಧಿಗೆ ಸಲ್ಲಿಸುವ ಗೌರವವಿದೆ.

ಯಾವ ಯಂತ್ರವೂ ಅಮರವಲ್ಲ. ಆಗಬೇಕೆಂದು ನಾನು ಬಯಸುವುದೂ ಇಲ್ಲ. ಸಾಯುವ ಕಾಲ ಬಂದಾಗ ಸಾಯಲಿ. ಆದರೆ ಕೈಕಾಲು ಗಟ್ಟಿಯಾಗಿರುವಾಗ, ಬೆರಳುಗುರಿನಷ್ಟು ಅಗಲದ ಒಂದು ಚೂರು ಸಿಗಲಿಲ್ಲವೆಂದು ಸಾಯಬಾರದು. ಓದುಗರ ಮನೆಯ ಅಟ್ಟದಲ್ಲಿ ಹಾಡು ನಿಲ್ಲಿಸಿದ ರೇಡಿಯೋ ಒಂದಿದ್ದರೆ ಗುಜರಿಯವನ ಕೂಗು ಕೇಳಿದೊಡನೆ ಕೆಳಗಿಳಿಸಬೇಡಿ. ಬೆಸುಗೆಯ ಕಡ್ಡಿ ಹಿಡಿಯಬಲ್ಲ ಮುದುಕನೊಬ್ಬ ನಿಮ್ಮ ಬೀದಿಯಲ್ಲಿ ಇನ್ನೂ ಇದ್ದಾನು. ಅವನಿಗೆ ಒಮ್ಮೆ ತೋರಿಸಿ. ಸಾಧ್ಯವಾದರೆ, ನಿಮ್ಮ ಮಗನನ್ನೋ ಮಗಳನ್ನೋ ಅವನ ಪಕ್ಕದಲ್ಲಿ ಕೂರಿಸಿ ಬನ್ನಿ.