ಸಿಲೆಬಸ್ಸಿನಲ್ಲಿ ಇಲ್ಲದ ನಾಲ್ಕು ಬಾಕ್ಸು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಪ್ರೌಢಶಾಲೆಗಳಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳ ಅಭ್ಯಾಸ ಬೋಧನೆಯನ್ನು ನೋಡುತ್ತ ಬಂದಿದ್ದೇನೆ. ಹತ್ತನೆಯ ತರಗತಿಯ ವಿದ್ಯುತ್ ಪಾಠ ಎಲ್ಲ ಕಡೆ ಒಂದೇ ತೆರ: ಎರಡು ಬಲ್ಬು, ಒಂದು ಸೆಲ್ಲು, ಸರಣಿಯಲ್ಲಿ ಮಂದ, ಸಮಾಂತರದಲ್ಲಿ ಪ್ರಕಾಶ. ಆಮೇಲೆ ಕಪ್ಪುಹಲಗೆಯ ಮೇಲೆ ಸೂತ್ರ.

ಸಿಂದಗಿ ಕಡೆಯ ಒಂದು ಶಾಲೆಯಲ್ಲಿ ಇಂಥದೇ ಪಾಠ ಮುಗಿಯುವ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. "ಟೀಚರ್, ನಮ್ಮ ಮನ್ಯಾಗ ಆಂಪ್ಲಿಫೈಯರಿಗೆ ಎರಡು ಬಾಕ್ಸ್ ಅದಾವರಿ. ಇನ್ನೆರಡು ಜೋಡಸ್ಬೇಕಂತಾನ ನಮ್ಮಪ್ಪ. ಸರಣಿ ಮಾಡೂದೋ, ಸಮಾಂತರ ಮಾಡೂದೋ?"

"ಅದು ಸಿಲೆಬಸ್ಸಿನ್ಯಾಗಿಲ್ಲ, ಕೂಡು" ಎಂದರು ನಮ್ಮ ಪ್ರಶಿಕ್ಷಣಾರ್ಥಿ. ವೀಕ್ಷಣಾ ಪುಸ್ತಕದಲ್ಲಿ 'ಸಮಯ ಪಾಲನೆ ಉತ್ತಮ' ಎಂದು ಬರೆದವನು ನಾನೇ. ತಪ್ಪು ಅವರದಕ್ಕಿಂತ ನನ್ನದು ದೊಡ್ಡದು. ಕಲಿತದ್ದನ್ನು ಮನೆಗೆ ಒಯ್ದು ನೋಡುವ ಒಬ್ಬನೇ ಹುಡುಗ ಅಂದು ಆ ತರಗತಿಯಲ್ಲಿ ಎದ್ದು ನಿಂತಿದ್ದ.

ಉತ್ತರಕ್ಕೆ ಬೇಕಾದದ್ದೆಲ್ಲ ಹಲಗೆಯ ಮೇಲೆಯೇ ಇತ್ತು. ಆಂಪ್ಲಿಫೈಯರಿನ ಒಂದು ಬದಿ 20 ವೋಲ್ಟ್ ಕೊಡುತ್ತದೆ ಎನ್ನೋಣ. 8 ಓಮಿನ ಒಂದು ಬಾಕ್ಸಿಗೆ 2.5 ಆಂಪಿಯರ್, 50 ವ್ಯಾಟ್. ಅದೇ ಬದಿಗೆ ಇನ್ನೊಂದು 8 ಓಮಿನದನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು 4 ಓಮ್, 5 ಆಂಪಿಯರ್, 100 ವ್ಯಾಟ್. ಬಾಕ್ಸಿಗೆ ಸುಖ, ಹೊರೆಯೆಲ್ಲ ಆಂಪ್ಲಿಫೈಯರಿನ ತಲೆ ಮೇಲೆ. ಅದರ ಬೆನ್ನಿಗೆ ಕನಿಷ್ಠ 4 ಓಮ್ ಎಂದು ಬರೆದಿದ್ದರೆ ಚಿಂತೆಯಿಲ್ಲ. 8 ಎಂದಿದ್ದರೆ ಅದು ಕಾದು, ಫ್ಯೂಸ್ ಹೋಗಬಹುದು, ಒಳಗಿನ ಟ್ರಾನ್ಸಿಸ್ಟರೂ ಸುಡಬಹುದು. ಸರಣಿಯಲ್ಲಾದರೆ 16 ಓಮ್, ಎರಡಕ್ಕೂ ಸೇರಿ 25 ವ್ಯಾಟ್ ಮಾತ್ರ. ಸದ್ದು ಕಡಿಮೆ, ಯಂತ್ರ ಕ್ಷೇಮ. ಮನೆಯಲ್ಲಿ ಬಲ್ಬುಗಳನ್ನು ಸಮಾಂತರವಾಗಿಯೇ ಜೋಡಿಸುತ್ತೇವೆ ಎಂದು ಕಲಿಸಿದ ಮೇಲೆ, ಸಮಾಂತರವೇ ಯಾವಾಗಲೂ ಮೇಲು ಎಂಬ ಭ್ರಮೆ ಮಕ್ಕಳಲ್ಲಿ ಉಳಿಯುತ್ತದೆ. ಅದನ್ನು ಒಡೆಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗಂತೂ ಸಿಕ್ಕಿಲ್ಲ.

ಸಹೋದ್ಯೋಗಿಗಳು ಎರಡು ಆಕ್ಷೇಪ ಎತ್ತುತ್ತಾರೆ. ಒಂದು, ಸ್ಪೀಕರಿನ 8 ಓಮ್ ಪುಸ್ತಕದ ರೋಧವಲ್ಲ. ನಿಜ. ಮಲ್ಟಿಮೀಟರ್ ಇಟ್ಟರೆ ಆರೋ ಏಳೋ ತೋರಿಸುತ್ತದೆ. ಸ್ವರದ ಆವೃತ್ತಿ ಬದಲಾದಂತೆ ಅದೂ ಬದಲಾಗುತ್ತದೆ. ಹಾಗಾಗಿ ಮೇಲಿನದು ಅಂದಾಜು ಲೆಕ್ಕ ಎಂದು ಮಕ್ಕಳಿಗೆ ನೇರವಾಗಿ ಹೇಳಿದರಾಯಿತು. ಇನ್ನೊಂದು, ಅಪಾಯ. ತರಗತಿಗೆ 230 ವೋಲ್ಟ್ ತರಬೇಕಾಗಿಯೇ ಇಲ್ಲ. ರಿಪೇರಿ ಅಂಗಡಿಯ ಹಳೆಯ ಸ್ಪೀಕರ್ ಎರಡು, 1.5 ವೋಲ್ಟಿನ ಸೆಲ್ಲು ಒಂದು ಸಾಕು. ಸೆಲ್ಲನ್ನು ಒಂದು ಕ್ಷಣ ತಾಗಿಸಿದಾಗ ಕಾಗದದ ಶಂಕು ಹೊರಕ್ಕೆ ಜಿಗಿದರೆ, ಧನ ತುದಿ ತಾಗಿದ ಕಡೆಯೇ ಸ್ಪೀಕರಿನ ಧನ ತುದಿ. ಒಂದು ಬಾಕ್ಸಿಗೆ ಕೆಂಪು, ಕಪ್ಪು ತಂತಿ ಅದಲುಬದಲಾದರೆ ಒಂದು ಶಂಕು ಹೊರಬಂದಾಗ ಇನ್ನೊಂದು ಒಳಹೋಗಿ, ಡೊಳ್ಳಿನ ದಪ್ಪ ನಾದವೇ ಸೊರಗುತ್ತದೆ. ಹಿಂದಿನ ಬೆಂಚೂ ಮುಂದೆ ಬರುವ ಪಾಠ ಇದು.

ಈ ಅವಧಿಯಿಂದ ನನ್ನ ವೀಕ್ಷಣಾ ಪುಸ್ತಕದಲ್ಲಿ ಒಂದು ಕಾಲಂ ಸೇರಿಸಿದ್ದೇನೆ: ಮಕ್ಕಳು ಕೇಳಿದ ಪ್ರಶ್ನೆ, ಅದಕ್ಕೆ ಸಿಕ್ಕ ಉತ್ತರ. ಆ ಪ್ರಶಿಕ್ಷಣಾರ್ಥಿಗೂ ಕಾಗದದ ಮೇಲೆ ಈ ಲೆಕ್ಕ ಬರೆದು ಕೊಟ್ಟೆ. ಮುಂದಿನ ವಾರ ಅದೇ ಶಾಲೆಗೆ ಹೋದಾಗ ಅವರು ಹುಡುಗನಿಗೆ ಕೊಟ್ಟ ಮನೆಗೆಲಸ ಒಂದೇ: "ನಿಮ್ಮ ಆಂಪ್ಲಿಫೈಯರಿನ ಹಿಂದ ಏನ್ ಬರದೈತಿ, ಬರ್ಕೊಂಡ್ ಬಾ."